ವಿಲೇವಾರಿ ಮಾಡಲಾಗಿದೆ

ಜನವರಿ 12

ಪ್ರೀತಿಯ ಗುಬ್ಬಿ,

ಫೋನಿದ್ದೂ ಕಾಗದ ಯಾಕೆ ಅಂತ ಮೊದಲು ಕೇಳುತ್ತೀಯ. ಫೋನಿನಲ್ಲಿ ನಾನು ಸ್ವಲ್ಪ ಜೋರಾದರೆ ಸಾಕು, ನಿನಗೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಸಿಗ್ನಲ್ ಬೇಡ. ಅಲ್ಲದೆ ಮನೆಯಲ್ಲಿರುವುದು ಎರಡೇ ಕೋಣೆ. ಒಂದರಲ್ಲಿ ನಾನು ಬಾಯಿ ಬಿಟ್ಟರೆ ಇನ್ನೊಂದರಲ್ಲಿ ಮಲಗಿರುವ ನಿನ್ನ ಭಾವನಿಗೆ ಎಲ್ಲ ಕೇಳುತ್ತದೆ. ನಾನು ಅರ್ಜಿ ಹಾಕಿದ್ದು ಅವರಿಗೆ ಗೊತ್ತು, ಎಷ್ಟು ಹೊತ್ತಿ ಉರಿಯುತ್ತಿದ್ದೇನೆ ಅನ್ನುವುದು ಗೊತ್ತಾಗುವುದು ಬೇಡ. ಅದಕ್ಕೇ ಅಂಗಡಿಯಲ್ಲಿ, ಜೆರಾಕ್ಸ್ ಮಷೀನಿನ ಮೇಲೆಯೇ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೋ.

ಹೌದು, ಕಟ್ಟಡ ನಿರ್ವಹಣಾ ಇಲಾಖೆಗೆ ಮಾಹಿತಿ ಕೇಳಿ ಅರ್ಜಿ ಹಾಕಿದ್ದೇನೆ. ನಿನ್ನ ಭಾವನನ್ನು ಕೆಲಸದಿಂದ ತೆಗೆದದ್ದು ತಪ್ಪು ಅಂತ ನಾವು ಕೊಟ್ಟ ಮನವಿಯನ್ನು ‘ಸಾಕ್ಷ್ಯವಿಲ್ಲ’ ಅಂತ ವಾಪಸು ಕಳಿಸಿದರಲ್ಲ, ಅದಾದ ಮೇಲೆ ನಾನು ಕೈ ಚೆಲ್ಲಿ ಕೂತಿದ್ದೆ. ಹೋದ ತಿಂಗಳು ಒಬ್ಬ ಗಿರಾಕಿ ತನ್ನ ಅರ್ಜಿ ಜೆರಾಕ್ಸ್ ಮಾಡಿಸಲು ಬಂದ. ಸರಕಾರದ ಕಡತದ ಪ್ರತಿಯನ್ನು ಯಾರು ಬೇಕಾದರೂ ಕೇಳಬಹುದಂತೆ! ಇಷ್ಟು ದಿನ ಇದನ್ನು ಒಬ್ಬರಾದರೂ ನನಗೆ ಹೇಳಿದ್ದರೆ! ಅವನದನ್ನು ನೋಡಿಕೊಂಡೇ ನನ್ನದು ಬರೆದೆ. ನೀನು ಸರಕಾರಿ ಗುಮಾಸ್ತ, ಸರಿಯಿದೆಯಾ ನೋಡಿ ಹೇಳು:

“ನನ್ನ ಗಂಡ ದೊಡ್ಡಾಸ್ಪತ್ರೆಯಲ್ಲಿ ಲಿಫ್ಟ್ ಆಪರೇಟರ್ ಆಗಿದ್ದವರು. ಎರಡು ವರ್ಷದ ಹಿಂದೆ ಎಡಗಡೆಯ ಲಿಫ್ಟು ಮೇಲಿನಿಂದ ಜಾರಿ ಕೆಳಗೆ ಬಿತ್ತು. ಮೊಮ್ಮಗುವನ್ನು ನೋಡಲು ಹೊರಟಿದ್ದ ಒಬ್ಬ ಅಜ್ಜಿ ತೀರಿಹೋದರು. ನನ್ನ ಗಂಡನ ಸೊಂಟ ಮುರಿಯಿತು. ಜನರನ್ನು ಹೆಚ್ಚು ಹತ್ತಿಸಿದ್ದೇ ಕಾರಣ ಅಂತ ಹೇಳಿ ಅವರನ್ನು ಕೆಲಸದಿಂದ ತೆಗೆದಿರಿ. ಬ್ರೇಕು ಸರಿಯಿಲ್ಲ ಅಂತ ಅವರು ಮುಂಚೆಯೇ ಮೂರು ಸಲ ನಿಮ್ಮ ಇಲಾಖೆಗೆ ಬರೆದುಕೊಟ್ಟಿದ್ದರು. ಅಂಥ ದೂರು ಬಂದೇ ಇಲ್ಲ ಅಂತ ವಿಚಾರಣೆಯಲ್ಲಿ ಹೇಳಿದಿರಿ. ಆ ಮೂರು ದೂರುಗಳ ಪ್ರತಿ ಕೊಡಿ, ಕಳ್ಳರೇ.”

‘ಕಳ್ಳರೇ’ ಅನ್ನುವುದನ್ನು ಆಮೇಲೆ ಹೊಡೆದುಹಾಕಿದೆ. ಓದಲು ಬರಲಿ ಅಂತ ಒಂದೇ ಗೆರೆ ಹೊಡೆದಿದ್ದೇನೆ.

ಉತ್ತರ ಬಂದಿದೆ. ‘ಅರ್ಜಿಯನ್ನು ಸ್ವೀಕರಿಸಲಾಗಿದೆ. ಸಂಬಂಧಪಟ್ಟ ಶಾಖೆಗೆ ವರ್ಗಾಯಿಸಲಾಗಿದೆ. ಈ ಮೂಲಕ ತಿಳಿಸಲಾಗಿದೆ.’ ಯಾರು ಸ್ವೀಕರಿಸಿದರು? ಯಾರು ವರ್ಗಾಯಿಸಿದರು? ಆ ಆಫೀಸಿನಲ್ಲಿ ಮನುಷ್ಯರೇ ಇಲ್ಲವೆ? ಎಲ್ಲ ತಾನಾಗೇ ಆಗುತ್ತದೆಯೆ, ಮೊಸರು ಹುಳಿಯಾದ ಹಾಗೆ? ಕೆಳಗೆ ಮಾಹಿತಿ ಅಧಿಕಾರಿ ಅಂತ ಸೀಲು, ಎರೆಹುಳದಂಥ ಸಹಿ. ಅವನಿಗೆ ‘ಲಾಗಿದೆ ಸಾಹೇಬ’ ಅಂತ ಹೆಸರಿಟ್ಟಿದ್ದೇನೆ. ನಿನ್ನ ಭಾವನಿಗೂ ಹೇಳಿದೆ. ನಕ್ಕರು ಅನಿಸಿತು.

ಊರಿನವರ ಕಾಗದವೆಲ್ಲ ನನ್ನ ಮಷೀನಿನ ಹೊಟ್ಟೆಗೆ ಹೋಗಿ ಎರಡಾಗಿ ಬರುತ್ತದೆ. ಇವರು ಬರೆದ ಮೂರು ಕಾಗದಕ್ಕೆ ಮಾತ್ರ ಪ್ರತಿ ಇಲ್ಲ! ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ಕೇಳಿದ್ದಕ್ಕೆ, ‘ಆಫೀಸಿಗೆ ಕೊಟ್ಟ ಕಾಗದಕ್ಕೆ ಮನೇಲಿ ಪ್ರತಿ ಯಾಕೆ? ಅವರ ಹತ್ರ ಇರುತ್ತಲ್ಲ’ ಅಂದಿದ್ದರು. ಅವರ ಹತ್ರ ಇರುತ್ತಲ್ಲ! ಈ ಮಾತು ನೆನಪಾದಾಗಲೆಲ್ಲ ಮೈ ಉರಿಯುತ್ತದೆ.

ಮುಂದೇನು ಮಾಡಲಿ, ಬರಿ. ಸರಕಾರಿ ವೇಗದಲ್ಲಿ ಬರೆಯಬೇಡ, ಬೇಗ ಬರಿ.

ನಿನ್ನ ಅಕ್ಕ


ಜನವರಿ 25

ಅಕ್ಕಾ,

ಕಾಗದ ತಲುಪಿತು. ಲಕೋಟೆಯ ಮೇಲೆ ‘ಗುಬ್ಬಿಗೆ’ ಅಂತ ಯಾಕೆ ಬರೆದೆ? ಆಫೀಸಿನಲ್ಲಿ ಎಲ್ಲರ ಕೈ ಸುತ್ತಿ ನನಗೆ ಬಂತು. ಈಗ ಜವಾನ ಕೂಡ ‘ಗುಬ್ಬಿ ಸಾರ್, ಟೀ’ ಅನ್ನುತ್ತಾನೆ.

ಅರ್ಜಿ ಚೆನ್ನಾಗಿಯೇ ಇದೆ, ಖಾರ ಸ್ವಲ್ಪ ಹೆಚ್ಚು. ಅರ್ಜಿಯಲ್ಲಿ ಕಥೆ ಬೇಡ, ಬೈಗುಳವಂತೂ ಬೇಡವೇ ಬೇಡ. ಯಾವ ತಿಂಗಳು, ಯಾವ ಶಾಖೆಗೆ ಕೊಟ್ಟದ್ದು, ಇಷ್ಟು ಬರೆದರೆ ಸಾಕು. ಭಾವ ಬರೆದಿದ್ದರೆ ಆ ಆಫೀಸಿನ ಟಪಾಲು ಪುಸ್ತಕದಲ್ಲಿ ಅದು ಏರಿರಲೇಬೇಕು. ಆ ಪುಟದ ಪ್ರತಿಯನ್ನೂ ಕೇಳು.

ಅಧಿಕಾರಿಯ ಮೇಲೆ ರೇಗಬೇಡ ಅಕ್ಕಾ. ಪಾಪ, ಅವರದೂ ಒಂದು ಕುರ್ಚಿ. ಮೇಲಿನವರು ಹೇಳಿದ್ದನ್ನು ಬರೆಯುತ್ತಾರೆ. ‘ಲಾಗಿದೆ’ ಅನ್ನುವುದು ಆಫೀಸಿನ ಪದ್ಧತಿ, ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಯಾರೋ ಒಬ್ಬರ ತಲೆಯ ಮೇಲೆ ಬರಬಾರದು ಅಂತ ಹಾಗೆ ಬರೆಯುವುದು, ಅಷ್ಟೆ.

ಭಾವ ಹೇಗಿದ್ದಾರೆ? ಕೋಲು ಹಿಡಿದು ನಡೆಯುತ್ತಿದ್ದಾರಾ? ನನ್ನ ಕೆಲಸ ಎಂದಿನಂತೆ. ನೀರು ಸರಬರಾಜು ಇಲಾಖೆಯಲ್ಲಿ ಹೊಸ ಸುದ್ದಿ ಏನಿರುತ್ತದೆ, ನೀರೇ ಬರುವುದಿಲ್ಲ.

ನಿನ್ನ ತಮ್ಮ


ಫೆಬ್ರವರಿ 9

ಗುಬ್ಬಿ,

ಪಾಪ ಅವರದೂ ಒಂದು ಕುರ್ಚಿ ಅಂದೆಯಲ್ಲ, ಆ ಕುರ್ಚಿಯನ್ನು ನೋಡಿಕೊಂಡು ಬಂದೆ. ಖಾಲಿ ಇತ್ತು.

ಇಲಾಖೆಯ ಆಫೀಸಿರುವುದು ಮೂರನೇ ಮಹಡಿಯಲ್ಲಿ. ಲಿಫ್ಟು ಕೆಟ್ಟಿದೆ. ನಗಬೇಡ, ನಿಜವಾಗಿಯೂ ಕೆಟ್ಟಿದೆ. ಊರಿನ ಲಿಫ್ಟುಗಳನ್ನೆಲ್ಲ ನೋಡಿಕೊಳ್ಳುವ ಇಲಾಖೆಯ ಲಿಫ್ಟಿಗೆ ಕುರ್ಚಿ ಅಡ್ಡ ಇಟ್ಟಿದ್ದಾರೆ. ಏದುಸಿರು ಬಿಡುತ್ತಾ ಹತ್ತಿದೆ. ಕೌಂಟರಿನಲ್ಲಿ ಒಬ್ಬ ಹೆಂಗಸು ಉಗುರು ನೋಡಿಕೊಳ್ಳುತ್ತಿದ್ದಳು.

‘ಮಾಹಿತಿ ಸಾಹೇಬರು ಇದಾರಾ?’

‘ಮೀಟಿಂಗಿಗೆ ಹೋಗಿದಾರೆ.’

‘ಯಾವಾಗ ಬರ್ತಾರೆ?’

‘ಮೀಟಿಂಗ್ ಮುಗಿದ ಮೇಲೆ.’

‘ಅದು ಯಾವಾಗ ಮುಗಿಯುತ್ತೆ?’

‘ಅವರು ಬಂದಾಗ.’

ಕುರ್ಚಿಯ ಬೆನ್ನಿಗೆ ಕೋಟು ನೇತಾಡುತ್ತಿತ್ತು. ಮೇಜಿನ ಮೇಲಿನ ಟೀ ಲೋಟದಿಂದ ಇನ್ನೂ ಹಬೆ ಏಳುತ್ತಿತ್ತು. ಕೋಟು ಡ್ಯೂಟಿಯಲ್ಲಿದೆ, ಟೀ ಡ್ಯೂಟಿಯಲ್ಲಿದೆ, ಸಾಹೇಬ ಮಾತ್ರ ಮೀಟಿಂಗಿನಲ್ಲಿ! ಟೀ ತಣ್ಣಗಾಗುವವರೆಗೂ ಬೆಂಚಿನ ಮೇಲೆ ಕೂತಿದ್ದು ಬಂದೆ. ಟಪಾಲು ಪುಸ್ತಕ ಕೇಳಿದೆ. ‘ಬರೆದು ಕೊಡಿ’ ಅಂದಳು. ಬರೆದೇ ಕೊಟ್ಟೆ, ನೀನು ಹೇಳಿದ ಹಾಗೆ ಖಾರ ತೆಗೆದು.

ನಿನ್ನೆ ಉತ್ತರ ಬಂತು. ಕೇಳು ಕಣೋ, ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡು ಕೇಳು. ಕಡತವನ್ನು ಕಸಕ್ಕೆ ಹಾಕಿದ್ದಾರಂತೆ! ಲಿಖಿತವಾಗಿ, ಸೀಲು ಹೊಡೆದು, ಸಹಿ ಮಾಡಿ ತಿಳಿಸಿದ್ದಾರೆ. ನಾಚಿಕೆ, ಮಾನ, ಮರ್ಯಾದೆ ಏನೂ ಇಲ್ಲ. ಕದ್ದವನು ಕೂಡ ಕದ್ದೆ ಅಂತ ಬರೆದುಕೊಡುವುದಿಲ್ಲ, ಇವರು ಕೊಡುತ್ತಾರೆ. ಒಬ್ಬ ಮನುಷ್ಯ ತನ್ನ ಮೇಲೆ ಬಂದ ಸಾವಿನ ಅಪವಾದವನ್ನು ಕಳೆದುಕೊಳ್ಳಲು ಉಳಿದಿದ್ದ ಒಂದೇ ಒಂದು ಕಾಗದ, ಅದನ್ನು ಬಾಳೆಹಣ್ಣಿನ ಸಿಪ್ಪೆಯ ಜೊತೆ ಎಸೆದಿದ್ದಾರೆ.

ಆ ಉತ್ತರವನ್ನು ಮಷೀನಿನ ಕೆಳಗೆ ತುರುಕಿಟ್ಟಿದ್ದೇನೆ. ಕಣ್ಣೆದುರಿಗಿದ್ದರೆ ಹರಿದುಬಿಡುತ್ತೇನೆ. ಕಡತ ನಾಶ ಮಾಡಿದವರನ್ನು ಶಿಕ್ಷಿಸಿ ಅಂತ ಮೇಲಿನವರಿಗೆ ಬರೆಯುತ್ತೇನೆ. ಖಾರ ಹಾಕಿಯೇ ಬರೆಯುತ್ತೇನೆ.

ನಿನ್ನ ಭಾವ ಚೆನ್ನಾಗಿದ್ದಾರೆ. ಊಟ ಮಾಡುತ್ತಾರೆ, ಪೇಪರ್ ಓದುತ್ತಾರೆ.

ಅಕ್ಕ


ಫೆಬ್ರವರಿ 24

ಅಕ್ಕಾ,

ನಿನ್ನ ಕಾಗದ ಓದಿ ಬೇಜಾರಾಯಿತು. ಆದರೆ ಕಡತ ಹೋಯಿತು ಅಂತ ಅವರೇ ಬರೆದುಕೊಟ್ಟ ಮೇಲೆ ಇನ್ನು ಮಾಡುವುದೇನೂ ಇಲ್ಲ. ಹಳೆಯ ಕಡತಗಳನ್ನು ಅವಧಿ ಮುಗಿದ ಮೇಲೆ ನಾಶ ಮಾಡುತ್ತಾರೆ, ಎಲ್ಲ ಇಲಾಖೆಯಲ್ಲೂ ಇದ್ದದ್ದೇ. ಗೋಡೆಗೆ ತಲೆ ಚಚ್ಚಿಕೊಂಡರೆ ಒಡೆಯುವುದು ಗೋಡೆಯಲ್ಲ. ಬಿಟ್ಟುಬಿಡು. ಭಾವನ ಆರೋಗ್ಯ ನೋಡಿಕೋ.

ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡ. ಅಷ್ಟು ದೊಡ್ಡ ಪೆಟ್ಟು ತಿಂದವರಿಗೆ ನೆನಪು ಹಿಂದೆ ಮುಂದೆ ಆಗುವುದುಂಟು. ಭಾವ ಯಾರಿಗೋ ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಟ್ಟೆ ಅಂದುಕೊಂಡಿರಬಹುದು. ಅದರಲ್ಲಿ ಅವರ ತಪ್ಪೇನೂ ಇಲ್ಲ. ನಾವು ಯಾರೂ ಅವರನ್ನು ದೂರುತ್ತಿಲ್ಲವಲ್ಲ.

ಮಕ್ಕಳಿಗೆ ಪರೀಕ್ಷೆ. ನಿನ್ನ ನಾದಿನಿ ನಿನ್ನನ್ನು ಕೇಳಿದಳು.

ನಿನ್ನ ತಮ್ಮ


ಮಾರ್ಚ್ 5

ನಾವು ಯಾರೂ ದೂರುತ್ತಿಲ್ಲವಂತೆ! ಎಷ್ಟು ದೊಡ್ಡ ಮನಸ್ಸಪ್ಪ ನಿನ್ನದು!

ನಿನ್ನ ಮೊದಲ ಕಾಗದವನ್ನು ತೆಗೆದು ಮತ್ತೆ ಓದಿದೆ. ಅದರಲ್ಲೇ ಇತ್ತು, ನಾನೇ ಕುರುಡಿ. ‘ಭಾವ ಬರೆದಿದ್ದರೆ’ ಅಂತ ಬರೆದಿದ್ದೀಯ. ಬರೆದಿದ್ದರೆ! ನಾನು ಕಳಿಸಿದ್ದು ‘ಬರೆದುಕೊಟ್ಟಿದ್ದರು’ ಅಂತ. ‘ರು’ವಿನ ಕೊಂಬು ಕಿತ್ತು ಎತ್ವ ಅಂಟಿಸಲು ನಿನಗೆ ಯಾರು ಹೇಳಿದರು? ಒಂದು ಕೊಂಬು ಹೋದರೆ ಸಾಕು, ನಿಮ್ಮ ಆಫೀಸುಗಳಲ್ಲಿ ಮನುಷ್ಯ ಸುಳ್ಳನಾಗುತ್ತಾನೆ. ನೀನು ಕೆಲಸ ಹೋದೀತು ಅಂತ ಹೆದರಿ ಮೆತ್ತಗೆ ಮಾತಾಡುತ್ತಿದ್ದೀಯ ಅಂದುಕೊಂಡಿದ್ದೆ. ಹೆದರಿಕೆಯಲ್ಲ, ನಿನಗೆ ನಂಬಿಕೆಯೇ ಇರಲಿಲ್ಲ. ನಿನ್ನ ಈ ಕೆಲಸದ ಅರ್ಜಿಯನ್ನು ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತು, ಎರಡು ಸಲ ತಪ್ಪಾಗಿ ಮೂರನೇ ಸಲ ನೀಟಾಗಿ ಬರೆದುಕೊಟ್ಟವರು ಯಾರು? ಆಗ ಅವರಿಗೆ ಬರೆಯಲು ಬರುತ್ತಿತ್ತು, ಅಲ್ಲವಾ?

ಈಗ ಕೇಳು. ಭಾವ ಚೆನ್ನಾಗಿಲ್ಲ. ಚೆನ್ನಾಗಿದ್ದಾರೆ ಅಂತ ನಿನಗೆ ಸುಳ್ಳು ಬರೆದೆ. ಪೇಪರ್ ಮುಖಕ್ಕೆ ಅಡ್ಡ ಹಿಡಿದುಕೊಳ್ಳುತ್ತಾರೆ, ಪುಟ ತಿರುವುವುದಿಲ್ಲ. ಹೊಸ್ತಿಲು ದಾಟುವುದಿಲ್ಲ, ಕೋಲು ಕೈಗೆ ಕೊಟ್ಟರೂ ದಾಟುವುದಿಲ್ಲ. ಆ ಅಜ್ಜಿಯ ಮನೆಯವರು ಎದುರು ಸಿಕ್ಕರೆ ಏನು ಮಾಡಲಿ ಅನ್ನುತ್ತಾರೆ. ಇನ್ನೊಂದನ್ನೂ ನಿನಗೆ ಹೇಳಿರಲಿಲ್ಲ. ಸೊಂಟ ಮುರಿದು ಮಲಗಿದ್ದಾಗ, ನಾನು ಔಷಧಿ ತರಲು ಇಳಿದಿದ್ದಾಗ, ಇಲಾಖೆಯ ಎಂಜಿನಿಯರ್ ಬಂದು ‘ಜನ ಹೆಚ್ಚಾಗಿದ್ದರು, ನಾನು ತಡೆಯಲಿಲ್ಲ’ ಅಂತ ಬರೆದ ಹಾಳೆಗೆ ಇವರ ಸಹಿ ಹಾಕಿಸಿಕೊಂಡು ಹೋದ. ಇಂಜೆಕ್ಷನ್ನಿನ ಮಂಪರಿನಲ್ಲಿ ಪೆನ್ನು ಕೊಟ್ಟರೆ ಯಾರಾದರೂ ಗೀಚುತ್ತಾರೆ.

ಕಡತ ಕಸಕ್ಕೆ ಹೋಯಿತು ಅಂತ ನಾನು ಹೇಳಿದ ದಿನ ಇವರು ಗೋಡೆಯ ಕಡೆ ತಿರುಗಿಕೊಂಡರು. ‘ಬರೆದಿದ್ದೆ ಅಂತ ನೆನಪು ಕಣೇ. ಬರೀಬೇಕು ಅಂದ್ಕೊಂಡಿದ್ನೋ ಏನೋ. ನಾನು ಬರೆದಿದ್ದರೆ ಆ ಅಜ್ಜಿ ಬದುಕ್ತಿದ್ರು ಅಲ್ವಾ?’ ಅಂದರು. ಅವರ ಬಾಯಲ್ಲೂ ಅದೇ ‘ದ್ದರೆ’. ನನ್ನ ಎದೆ ಒಡೆಯಿತು. ಹೊರಗಿನವರು ಸುಳ್ಳ ಅಂದದ್ದನ್ನು ತಡೆದುಕೊಂಡೆ. ಅವರೇ ತಮ್ಮನ್ನು ಸುಳ್ಳ ಅಂದುಕೊಂಡರೆ ನಾನು ಯಾರ ಜೊತೆ ಜಗಳ ಆಡಲಿ?

ನೀನೂ ಆ ಲಾಗಿದೆ ಸಾಹೇಬನೂ ಒಂದೇ ತೊಟ್ಟಿಲಲ್ಲಿ ಬೆಳೆದವರು. ಇಗೋ ಅವನು ಬರೆದದ್ದು, ಅಕ್ಷರಕ್ಕೆ ಅಕ್ಷರ ಇಳಿಸಿದ್ದೇನೆ: ‘ತಾವು ಕೋರಿರುವ ವಿಷಯಕ್ಕೆ ಸಂಬಂಧಿಸಿದ ಕಡತವನ್ನು ವಿಲೇವಾರಿ ಮಾಡಲಾಗಿದೆ.’ ನಮ್ಮ ಬೀದಿಗೆ ದಿನಾ ಬರುವ ಗಾಡಿಯ ಮೇಲೂ ಇದೇ ಬರೆದಿದೆ, ‘ಕಸ ವಿಲೇವಾರಿ ವಾಹನ’ ಅಂತ. ಫ್ರೇಮು ಹಾಕಿಸಿ ನಿನ್ನ ಮೇಜಿನ ಮೇಲಿಟ್ಟುಕೋ.

ಇನ್ನು ನನಗೆ ಕಾಗದ ಬರೆಯಬೇಡ.


ಮಾರ್ಚ್ 9, ಸ್ಪೀಡ್ ಪೋಸ್ಟ್

ಅಕ್ಕಾ,

ಬೈಯುವುದನ್ನು ಆಮೇಲೆ ಬೈ. ಹರಿಯುವ ಮೊದಲು ಇದನ್ನು ಓದು.

ವಿಲೇವಾರಿ ಅಂದರೆ ಕಸಕ್ಕೆ ಹಾಕಿದ್ದಲ್ಲ! ಆಫೀಸಿನ ಭಾಷೆಯಲ್ಲಿ ಕಡತ ವಿಲೇವಾರಿ ಆಯಿತು ಅಂದರೆ, ಅದರ ಮೇಲೆ ಯಾರೋ ಒಬ್ಬರು ತೀರ್ಮಾನ ಬರೆದು, ಸಹಿ ಹಾಕಿ, ಕಟ್ಟಿ, ದಾಖಲೆ ಕೋಣೆಗೆ ಕಳಿಸಿದ್ದಾರೆ ಅಂತ. ಕಸ ವಿಲೇವಾರಿಯಾದರೆ ಹೋಗುತ್ತದೆ, ಕಡತ ವಿಲೇವಾರಿಯಾದರೆ ಇರುತ್ತದೆ. ನಾಶ ಮಾಡಿದ್ದರೆ ‘ನಾಶಪಡಿಸಲಾಗಿದೆ’ ಅಂತಲೇ ಬರೆಯುತ್ತಾರೆ. ಅಂದರೆ ಕಡತ ಇದೆ. ದೂರು ಬಾರದೆ ಕಡತ ಹುಟ್ಟುವುದಿಲ್ಲ. ಅಂದರೆ ಭಾವ ಬರೆದಿದ್ದರು. ಕೊಂಬು ಹಾಕಿಯೇ ಬರೆದಿದ್ದೇನೆ, ನೋಡು.

ಇವತ್ತೇ ಹೊಸ ಅರ್ಜಿ ಹಾಕು. ಪ್ರತಿ ಕೇಳಬೇಡ, ‘ವಿಲೇವಾರಿಯಾದ ಕಡತವನ್ನು ಖುದ್ದಾಗಿ ನೋಡಬೇಕು, ಟಿಪ್ಪಣಿ ಹಾಳೆ ಸಮೇತ’ ಅಂತ ಕೇಳು. ಟಿಪ್ಪಣಿ ಹಾಳೆ ಅಂದರೆ ಯಾವ ಅಧಿಕಾರಿ ಏನು ಬರೆದ ಅನ್ನುವುದು ಇರುವ ಹಾಳೆ. ಅದನ್ನು ಬಿಟ್ಟು ಬರಬೇಡ. ನೋಡಿದ ಮೇಲೆ ಅಲ್ಲೇ ಪ್ರತಿ ಕೇಳು. ಬೈಗುಳ ಒಂದೂ ಇರಬಾರದು, ಅದನ್ನೇ ನೆಪ ಮಾಡಿ ತಳ್ಳಿಹಾಕುತ್ತಾರೆ.

ಕಸಕ್ಕೆ ಹಾಕಿದ್ದಾರೆ ಅಂತ ನೀನು ಬರೆದೆ. ಅವರು ಬರೆದ ಮಾತನ್ನೇ ಕಳಿಸು ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ಭಾವನನ್ನು ನಾನು ನಂಬಿರಲಿಲ್ಲ, ಅದಕ್ಕೆ ಕೇಳಲಿಲ್ಲ. ನೀನು ಹೇಳಿದ್ದು ನಿಜ.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಒಂದು ವರ್ಷದಿಂದ ನಮ್ಮ ಇಲಾಖೆಯ ಮಾಹಿತಿ ಅರ್ಜಿಗಳಿಗೆ ಉತ್ತರ ಬರೆಯುವವನು ನಾನೇ ಅಕ್ಕಾ. ನಿನ್ನ ಮೊದಲ ಕಾಗದದಲ್ಲಿ ಲಾಗಿದೆ ಸಾಹೇಬ ಅಂತ ಓದಿದಾಗ ಹೇಳಲು ಬಾಯಿ ಬರಲಿಲ್ಲ.

ತಮ್ಮ


ಏಪ್ರಿಲ್ 2

ಅಕ್ಕಾ,

ನೀನು ಫೋನು ಎತ್ತುತ್ತಿಲ್ಲ. ಅರ್ಜಿ ಹಾಕಿದೆಯಾ? ಇಷ್ಟಾದರೂ ತಿಳಿಸು. ಭಾವ ಹೇಗಿದ್ದಾರೆ?

ಹೋದ ವರ್ಷ ಒಬ್ಬ ನಿವೃತ್ತ ಮೇಷ್ಟ್ರು ನಮ್ಮ ಆಫೀಸಿಗೆ ಬರುತ್ತಿದ್ದರು. ಅವರು ಪಾಠ ಹೇಳುತ್ತಿದ್ದ ಶಾಲೆಯ ನೀರಿನ ಟ್ಯಾಂಕಿನ ಪರೀಕ್ಷಾ ವರದಿ ಬೇಕಿತ್ತು. ಮಕ್ಕಳಿಗೆ ಪದೇ ಪದೇ ಹೊಟ್ಟೆ ಕೆಡುತ್ತಿತ್ತಂತೆ. ‘ಕಡತ ವಿಲೇವಾರಿ ಮಾಡಲಾಗಿದೆ’ ಅಂತ ನಾನೇ ಬರೆದು ಕಳಿಸಿದ್ದೆ. ಆಮೇಲೆ ಅವರು ಬರಲಿಲ್ಲ. ಅರ್ಥವಾಯಿತು, ಸುಮ್ಮನಾದರು ಅಂದುಕೊಂಡಿದ್ದೆ. ನಿನ್ನ ಕಾಗದ ಬಂದಾಗಿನಿಂದ ಅವರ ಮುಖ ಕಣ್ಣಿಗೆ ಕಟ್ಟಿದೆ. ಅವರ ಬೀದಿಗೂ ಕಸದ ಗಾಡಿ ಬರುತ್ತದಲ್ಲ. ನಿನ್ನೆ ಆ ಕಡತವನ್ನು ಹುಡುಕಿ ತೆಗೆಸಿದೆ. ಅವರಿಗೆ ಏನಂತ ಬರೆಯಲಿ ಗೊತ್ತಾಗುತ್ತಿಲ್ಲ.

ಒಂದು ಗೆರೆ ಬರಿ ಅಕ್ಕಾ. ಬೈದಾದರೂ ಬರಿ.

ತಮ್ಮ


ಮೇ 6

ಗುಬ್ಬಿ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಬೇಕಂತಲೇ ಬರೆಯಲಿಲ್ಲ. ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ನೀನು ಹೇಳಿದ ಹಾಗೆಯೇ ಅರ್ಜಿ ಹಾಕಿದೆ, ಒಂದು ಬೈಗುಳವೂ ಇಲ್ಲದೆ. ಅದಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು.

ಮೊನ್ನೆ ಸೋಮವಾರ ಕರೆದರು. ದಾಖಲೆ ಕೋಣೆ ಇರುವುದು ನೆಲಮಾಳಿಗೆಯಲ್ಲಿ. ಕಬ್ಬಿಣದ ಕಪಾಟು, ಹಳೇ ಹಾಳೆಯ ವಾಸನೆ, ಮಿಣಿಮಿಣಿ ಅನ್ನುವ ಒಂದು ಟ್ಯೂಬ್‌ಲೈಟು. ಲಾಗಿದೆ ಸಾಹೇಬ ಖುದ್ದು ಬಂದಿದ್ದ. ನಾನು ಏನೋ ರಾಕ್ಷಸ ಅಂದುಕೊಂಡಿದ್ದೆ. ಸಣಕಲು ಮನುಷ್ಯ, ಸ್ವೆಟರ್ ಹಾಕಿಕೊಂಡು ಕೆಮ್ಮುತ್ತಿದ್ದ. ಕಪಾಟು ತೆರೆದ, ಎರಡನೇ ಕಟ್ಟಿನಲ್ಲೇ ಸಿಕ್ಕಿತು. ಅಷ್ಟು ಸುಲಭವಾಗಿ! ಹುಡುಕಾಡಿದ್ದರಾದರೂ ನನಗೆ ಸ್ವಲ್ಪ ಸಮಾಧಾನ ಇರುತ್ತಿತ್ತು.

‘ಇಲ್ಲೇ ಇತ್ತಲ್ರೀ, ಮತ್ತೆ ಯಾಕೆ ಕೊಡಲಿಲ್ಲ?’ ಅಂದೆ.

‘ವಿಲೇವಾರಿ ಆಗಿದೆ ಅಂತ ತಿಳಿಸಲಾಗಿತ್ತಲ್ಲಮ್ಮ.’

‘ನಾನು ಕಸಕ್ಕೆ ಹೋಯ್ತು ಅಂದ್ಕೊಂಡೆ.’

‘ಬಹಳ ಜನ ಹಾಗೇ ಅಂದ್ಕೊಳ್ತಾರೆ.’

ಅವನು ಅದನ್ನು ಹೇಳಿದ್ದು ಹೊರಗೆ ಬಿಸಿಲು ಜಾಸ್ತಿ ಅನ್ನುವ ಧಾಟಿಯಲ್ಲಿ. ನನ್ನ ತಲೆಗೆ ಧಗ್ಗನೆ ಬೆಂಕಿ ಹತ್ತಿತು.

‘ಅಂದ್ಕೊಳ್ಳಲಿ ಅಂತಾನೇ ಆ ಪದ ಬರೀತೀರಾ?’

ಅವನು ಹೋಗಿ ಫ್ಯಾನ್ ಹಾಕಿದ. ‘ಬಹಳ ಜನ’ ಅಂದನಲ್ಲ ಗುಬ್ಬಿ, ಆ ಬಹಳ ಜನರೆಲ್ಲ ಎಲ್ಲಿ ಹೋದರು? ಅವರ ಮನೆಗಳಲ್ಲೂ ಯಾರೋ ಒಬ್ಬರು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರಾ?

ಕಡತದಲ್ಲಿ ಮೂರು ಹಾಳೆ. ಮೂರೂ ಇವರ ಕೈಬರಹವೇ. ಮೊದಲ ಸಾಲಿನಲ್ಲೇ ಗುರುತು ಹಿಡಿದೆ, ಯಾಕೆಂದರೆ ಇವರು ಲಿಫ್ಟನ್ನು ‘ಲಿಪ್ಟು’ ಅಂತ ಬರೆಯುತ್ತಾರೆ. ಜೀವಮಾನವೆಲ್ಲ ಓಡಿಸಿದ ಗಾಡಿಯ ಹೆಸರು ಬರೆಯಲು ಬರಲಿಲ್ಲ ಪುಣ್ಯಾತ್ಮನಿಗೆ! ಓದಿ ನಗು ಬಂತು, ಆಮೇಲೆ ಅಳು ಬಂತು, ಲಾಗಿದೆ ಸಾಹೇಬನ ಎದುರಿಗೇ ಅತ್ತೆ. ಮೂರನೆಯದರಲ್ಲಿ ಹೀಗಿತ್ತು: ‘ಎಡಗಡೆ ಲಿಪ್ಟು ನಿಲ್ಲಿಸಿದ ಮೇಲೂ ಜಾರುತ್ತದೆ. ಬ್ರೇಕು ಸವೆದಿದೆ. ಬಲಗಡೆಯದೂ ಅದೇ ದಾರಿ ಹಿಡಿದಿದೆ. ಜನ ಸಾಯುತ್ತಾರೆ. ದಯವಿಟ್ಟು ಒಂದು ಸಲ ಬಂದು ನೋಡಿ.’

ಟಿಪ್ಪಣಿ ಹಾಳೆಯಲ್ಲಿ ಒಂದೇ ಸಾಲು. ‘ಪರಿಶೀಲಿಸಲಾಗಿದೆ. ಕ್ರಮ ಅಗತ್ಯವಿಲ್ಲ. ವಿಲೇವಾರಿ.’ ಕೆಳಗೆ ಸಹಿ ಯಾರದು ಗೊತ್ತಾ? ಆಸ್ಪತ್ರೆಯ ಹಾಸಿಗೆಯ ಹತ್ತಿರ ಪೆನ್ನು ಹಿಡಿದು ಬಂದನಲ್ಲ, ಅದೇ ಎಂಜಿನಿಯರ್. ವಿಚಾರಣೆ ಮಾಡಿ ದೂರೇ ಬಂದಿಲ್ಲ ಅಂದವನೂ ಅವನೇ. ಅವನ ವಂಶಕ್ಕೆ ನಾನು ಹಾಕಿದ ಶಾಪವನ್ನು ಇಲ್ಲಿ ಬರೆದರೆ ಹಾಳೆ ಸುಟ್ಟುಹೋದೀತು. ನೀನು ಹೇಳಿದ್ದೆ ಅಂತ ಟಿಪ್ಪಣಿ ಹಾಳೆ ಬಿಡಲಿಲ್ಲ, ನಾಲ್ಕಕ್ಕೂ ಪ್ರತಿ ಮಾಡಿಸಿ ಸೀಲು ಹಾಕಿಸಿಕೊಂಡೇ ಎದ್ದೆ.

ಮನೆಗೆ ಬಂದು ಇವರ ಎದೆಯ ಮೇಲೆ ಹಾಳೆ ಇಟ್ಟೆ. ಕನ್ನಡಕ ಕೇಳಿದರು. ಓದಿದರು, ತಿರುಗಿಸಿ ಮತ್ತೆ ಓದಿದರು.

‘ಬರೆದಿದ್ದೆ’ ಅಂದರು, ಮೆಲ್ಲಗೆ. ಆಮೇಲೆ ಎದ್ದು ಕೂತರು. ‘ಬರೆದಿದ್ದೆ ಕಣೇ! ಬಂದು ನೋಡಿ ಅಂತ ಬರೆದಿದ್ದೆ! ಬಡ್ಡೀಮಕ್ಕಳು, ಒಂದು ಸಲ ಬಂದು ಹತ್ತಿ ನೋಡೋಕೆ ಇವರಿಗೇನು ರೋಗ ಆಗಿತ್ತು?’ ಪಕ್ಕದ ಮನೆಯವರು ಕಿಟಕಿಗೆ ಬಂದರು. ಪಕ್ಕದಲ್ಲಿದ್ದ ಕೋಲು ತೆಗೆದುಕೊಂಡು ಪ್ಲಾಸ್ಟಿಕ್ ಸ್ಟೂಲಿಗೆ ಒಂದು ಬಾರಿಸಿದರು ನೋಡು, ಅದು ಅಡುಗೆಮನೆಗೆ ಹೋಗಿ ಬಿತ್ತು. ಎರಡು ವರ್ಷ ನಾನೊಬ್ಬಳೇ ಬೈದೂ ಬೈದೂ ಗಂಟಲು ಒಣಗಿತ್ತು. ಇವರ ಬಾಯಿಂದ ಬೈಗುಳ ಕೇಳಿ ನನ್ನ ಕಿವಿ ತಂಪಾಯಿತು.

ಆಮೇಲೆ ಇದ್ದಕ್ಕಿದ್ದಂತೆ ಮೂರನೇ ಹಾಳೆಯ ಮೇಲೆ ಬೆರಳಿಟ್ಟು, ‘ಬಲಗಡೇದು ಇನ್ನೂ ಓಡ್ತಿದೆಯಾ?’ ಅಂದರು.

ನಾನು ಆ ಸಾಲನ್ನು ಓದಿದ್ದೆ. ನನಗೆ ಹೊಳೆದಿರಲಿಲ್ಲ. ಇವರ ಹೆಸರು ಉಳಿಯಿತು ಅನ್ನುವ ಖುಷಿಯಲ್ಲಿ ನನಗೆ ಆ ಲಿಫ್ಟೇ ಕಾಣಲಿಲ್ಲ.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಶರ್ಟು ಹಾಕಿಕೊಂಡು, ಕೋಲು ಹಿಡಿದು, ಹೊಸ್ತಿಲ ಆಚೆ ನಿಂತಿದ್ದರು. ದೊಡ್ಡಾಸ್ಪತ್ರೆಗೆ ಹೋದೆವು. ಬಲಗಡೆಯ ಲಿಫ್ಟಿನ ಮುಂದೆ ಜನ ಸಾಲು ನಿಂತಿದ್ದರು, ಸ್ಟ್ರೆಚರ್ ಮೇಲೆ ಒಬ್ಬ ಬಸುರಿಯೂ ಇದ್ದಳು. ಒಳಗಿದ್ದ ಹೊಸ ಆಪರೇಟರಿಗೆ ‘ಇಳೀರಿ’ ಅಂದರು. ಬಾಗಿಲಿಗೆ ಬೆನ್ನು ಕೊಟ್ಟು, ಕೋಲು ಅಡ್ಡ ಹಿಡಿದು ನಿಂತರು. ‘ಯಾರೂ ಹತ್ತಬೇಡಿ. ಸ್ಟ್ರೆಚರನ್ನ ಹಿಂದುಗಡೆ ಇರೋ ಇಳಿಜಾರಿನಿಂದ ತಗೊಂಡು ಹೋಗಿ.’ ಸೆಕ್ಯುರಿಟಿಯವನು ಬಂದು ತೋಳು ಹಿಡಿದ. ನಾನು ಅವನ ತೋಳು ಹಿಡಿದೆ. ಸರಕಾರಿ ಕೆಲಸಕ್ಕೆ ಅಡ್ಡಿ ಅಂತ ಯಾರೋ ಕೂಗಿದರು. ದೊಡ್ಡ ಡಾಕ್ಟರಮ್ಮ ಇಳಿದು ಬಂದರು, ಸೀಲು ಹಾಕಿದ ಪ್ರತಿ ಓದಿದರು, ಹೊರಗಿನ ಮೆಕ್ಯಾನಿಕ್‌ಗೆ ಫೋನ್ ಮಾಡಿಸಿದರು. ಅವನು ಮೇಲೆ ಹೋಗಿ ಇಳಿದು ಬಂದು, ‘ಇದನ್ನ ಇಷ್ಟು ದಿನ ಯಾರು ಓಡಿಸ್ತಿದ್ರು ಮೇಡಂ?’ ಅಂತ ಕೇಳಿ ಮೇನ್ ಸ್ವಿಚ್ ತೆಗೆದ.

ಅಪಘಾತದ ವಿಚಾರಣೆ ಮತ್ತೆ ತೆರೆಯಿರಿ ಅಂತ ಅರ್ಜಿ ಕೊಟ್ಟಿದ್ದೇನೆ. ಸ್ವೀಕರಿಸಲಾಗಿದೆಯಂತೆ. ಸ್ವೀಕರಿಸಲಿ, ನಾನು ಎಲ್ಲಿಗೂ ಹೋಗುವುದಿಲ್ಲ. ಆ ಅಜ್ಜಿಯ ಮಗಳಿಗೂ ಒಂದು ಪ್ರತಿ ಕೊಡಬೇಕಂತೆ, ತಾವೇ ಹೋಗಿ ಕೊಡುತ್ತಾರಂತೆ ನಿನ್ನ ಭಾವ. ನೀನೂ ಆ ಮೇಷ್ಟ್ರಿಗೆ ಏನು ಬರೆಯಲಿ ಅಂತ ಯೋಚಿಸುತ್ತಾ ಕೂರಬೇಡ, ಕಡತ ಹಿಡಿದುಕೊಂಡು ಅವರ ಮನೆಗೇ ಹೋಗು.

ಮೇನ್ ಸ್ವಿಚ್ ತೆಗೆದ ಮೇಲೆ ಆಸ್ಪತ್ರೆಯ ಆಫೀಸಿನಿಂದ ಒಂದು ಟೈಪ್ ಮಾಡಿದ ಹಾಳೆ ತಂದರು, ಬಾಗಿಲಿಗೆ ಅಂಟಿಸಲು. ‘ತಾಂತ್ರಿಕ ಕಾರಣದಿಂದ ಲಿಫ್ಟನ್ನು ಸ್ಥಗಿತಗೊಳಿಸಲಾಗಿದೆ.’ ಇವರು ಅದನ್ನು ನೋಡಿ, ‘ಲಾಗಿದೆ ಬೇಡ’ ಅಂದರು. ನನ್ನ ಹತ್ತಿರ ಖಾಲಿ ಹಾಳೆ, ದಪ್ಪ ಪೆನ್ನು ಕೇಳಿದರು. ಗೋಡೆಗೆ ಒತ್ತಿ ಹಿಡಿದು ತಾವೇ ಬರೆದು, ಕೆಳಗೆ ದೊಡ್ಡದಾಗಿ ಸಹಿ ಹಾಕಿದರು. ಗೋಂದು ಹಚ್ಚುವಷ್ಟರಲ್ಲಿ ನಾನು ಅವರ ಕೈ ತಡೆದೆ. ‘ಒಂದು ನಿಮಿಷ ನಿಲ್ರೀ’ ಅಂತ ಅಂಗಡಿಗೆ ಓಡಿದೆ. ಈ ಸಲ ಪ್ರತಿ ಮಾಡಿಕೊಳ್ಳದೆ ಬಿಡುತ್ತೇನೆಯೆ?

ಇದರ ಜೊತೆ ಒಂದನ್ನು ಇಟ್ಟಿದ್ದೇನೆ. ಉತ್ತರ ಬರೆಯಲು ಕೂತಾಗ ಕಣ್ಣಿಗೆ ಬೀಳುವ ಹಾಗೆ ನಿನ್ನ ಮೇಜಿನ ಮೇಲೆ ಅಂಟಿಸಿಕೋ. ಕಾಗುಣಿತ ತಿದ್ದಿದರೆ ಜಾಗ್ರತೆ.

ಅಕ್ಕ

(ಲಕೋಟೆಯಲ್ಲಿದ್ದ ಜೆರಾಕ್ಸ್ ಪ್ರತಿ)

ಈ ಲಿಪ್ಟು ನಾನು ನಿಲ್ಲಿಸಿದ್ದೇನೆ. ಬ್ರೇಕು ಹಿಡಿಯುವುದಿಲ್ಲ.
— ಲಿಪ್ಟ್ ಆಪರೇಟರ್